ಐರೋಪ್ಯ ಉಕ್ಕು ಮಾರುಕಟ್ಟೆಯಲ್ಲಿ ರಿಯಾಯಿತಿ ಪಟ್ಟಿ ಸಿದ್ಧಪಡಿಸುವ ಕ್ರಮ

ಐರೋಪ್ಯ ಒಕ್ಕೂಟದಲ್ಲಿ ಉಕ್ಕು ಮಾರುವ ಸಂಸ್ಥೆಯೊಂದು ಒಬ್ಬ ಖರೀದಿದಾರನಿಗೆ ಟನ್ನಿಗೆ ಒಂದು ದರ, ಮತ್ತೊಬ್ಬನಿಗೆ ಬೇರೆ ದರ ಹೇಳಿದ ಮಾತ್ರಕ್ಕೆ ಕಾನೂನು ಮುರಿದಂತಾಗುವುದಿಲ್ಲ. ಮಾರುವವರು ಮಾರುಕಟ್ಟೆಯಲ್ಲಿ ಎಷ್ಟು ದೊಡ್ಡವರು, ದರದ ವ್ಯತ್ಯಾಸಕ್ಕೆ ಲೆಕ್ಕದ ಆಧಾರ ಇದೆಯೇ, ಅದರಿಂದ ಯಾರ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ರಿಯಾಯಿತಿ ಸರಿಯೋ ತಪ್ಪೋ ಎಂದು ಹೇಳಲು ಬರುತ್ತದೆ. ಆ ಉತ್ತರಗಳನ್ನು ಮೊದಲೇ ಬರೆದಿಟ್ಟುಕೊಂಡು ಪಟ್ಟಿ ತಯಾರಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಉಕ್ಕಿನ ವ್ಯಾಪಾರದಲ್ಲಿ ಇಂದಿಗೂ ಕಾಣುವ ಹಲವು ರೂಢಿಗಳು ಹಳೆಯ ಕಾನೂನಿನ ಕಾಲದವು. ಆದ್ದರಿಂದ ಅದನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು. ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಮತ್ತು ಲಕ್ಸೆಂಬರ್ಗ್ ದೇಶಗಳು 1951ರ ಏಪ್ರಿಲ್ 18ರಂದು ಪ್ಯಾರಿಸ್‌ನಲ್ಲಿ ಸಹಿ ಹಾಕಿದ ಕಲ್ಲಿದ್ದಲು ಮತ್ತು ಉಕ್ಕು ಸಮುದಾಯದ ಒಪ್ಪಂದದ 60ನೆಯ ವಿಧಿಯು ಹೋಲಿಕೆಗೆ ಬರುವ ವ್ಯವಹಾರಗಳಲ್ಲಿ ಬೇರೆ ಬೇರೆ ಷರತ್ತು ಹಾಕುವುದನ್ನು, ಅದರಲ್ಲೂ ಖರೀದಿದಾರನ ರಾಷ್ಟ್ರೀಯತೆ ನೋಡಿ ಹಾಕುವುದನ್ನು, ಸಾರಾಸಗಟಾಗಿ ನಿಷೇಧಿಸಿತ್ತು. ಸಣ್ಣ ಕಾರ್ಖಾನೆ, ದೊಡ್ಡ ಕಾರ್ಖಾನೆ ಎಂಬ ಭೇದ ಅಲ್ಲಿರಲಿಲ್ಲ. ಪ್ರತಿಯೊಂದು ಕಾರ್ಖಾನೆಯೂ ದರಪಟ್ಟಿಯನ್ನು, ಮಾರಾಟದ ಷರತ್ತುಗಳನ್ನು ಬಹಿರಂಗಪಡಿಸಿ ಅದರಂತೆಯೇ ಮಾರಬೇಕಾಗಿತ್ತು.

ಇದಕ್ಕೆ ಒಂದು ವಿನಾಯಿತಿ ಇತ್ತು: ಪ್ರತಿಸ್ಪರ್ಧಿಯ ದರಪಟ್ಟಿಗೆ ಸರಿಹೊಂದುವಷ್ಟು ಮಾತ್ರ ಕೆಳಗಿಳಿಯಬಹುದಾಗಿತ್ತು. ಕಲ್ಪಿತ ಅಂಕಿಗಳಲ್ಲಿ ಹೇಳುವುದಾದರೆ, ಫ್ರಾನ್ಸಿನ ಥಿಯೋನ್‌ವಿಲ್ ಮೂಲದ ದರ (ಅಲ್ಲಿಂದ ಸಾಗಣೆ ಸೇರಿಸುವ ಮುನ್ನ ಹೇಳುವ ದರ) 100, ಜರ್ಮನಿಯ ರೂರ್ ಪ್ರದೇಶದ ಗಿರಾಕಿಯವರೆಗಿನ ಸಾಗಣೆ 8, ಒಟ್ಟು 108 ಎಂದಿಟ್ಟುಕೊಳ್ಳೋಣ. ರೂರ್‌ನಲ್ಲೇ ಇರುವ ಓಬರ್‌ಹೌಸೆನ್ ಮೂಲದ ಪ್ರತಿಸ್ಪರ್ಧಿಯ ದರ 102, ಸಾಗಣೆ 2, ಒಟ್ಟು 104 ಆದರೆ, ಮೊದಲನೆಯ ಕಾರ್ಖಾನೆ ಗಿರಾಕಿಯ ಬಾಗಿಲಲ್ಲಿ 104ಕ್ಕೆ ಮಾರಬಹುದಾಗಿತ್ತು. ಸಾಗಣೆ ಕಳೆದರೆ ಅದರ ಕೈಗೆ ಸಿಗುವುದು 96. ಆದರೆ 103ಕ್ಕೆ ಮಾರಿದರೆ ಅದು ಉಲ್ಲಂಘನೆ. ಹಾಗೆ ಮಾರಿದ ಸರಕಿನ ಮೌಲ್ಯದ ಎರಡು ಪಟ್ಟಿನವರೆಗೂ ದಂಡ ಹಾಕಲು 64ನೆಯ ವಿಧಿ ಅವಕಾಶ ಕೊಟ್ಟಿತ್ತು.

ಬೆಲೆ ಏರಿಳಿಯುವ ಮಾರುಕಟ್ಟೆಯಲ್ಲಿ ಇಷ್ಟು ಬಿಗಿಯಾದ ನಿಯಮ ನಿಲ್ಲುವುದು ಕಷ್ಟ. ಆ ಸಮುದಾಯದ ಆಡಳಿತ ಮಂಡಳಿಯಾಗಿದ್ದ, ಜೀನ್ ಮೊನ್ನೆ ಅಧ್ಯಕ್ಷತೆಯ ಹೈ ಅಥಾರಿಟಿಯೇ 1954ರ ಜನವರಿಯಲ್ಲಿ, ಪಟ್ಟಿಯ ದರದಿಂದ ಸರಾಸರಿ ಶೇಕಡಾ 2.5ರಷ್ಟು ಆಚೀಚೆ ಹೋದರೆ ಹೊಸ ಪಟ್ಟಿ ಪ್ರಕಟಿಸಬೇಕಿಲ್ಲ ಎಂಬ ಸಡಿಲಿಕೆ ತಂದಿತು. ಫ್ರಾನ್ಸ್ ಮತ್ತು ಇಟಲಿ ಸರ್ಕಾರಗಳು ಅದನ್ನು ಪ್ರಶ್ನಿಸಿದವು. ಪ್ರಕಟವಾದ ದರವು ನಿಜವಾಗಿ ವಸೂಲಾಗುವ ದರವೇ ಆಗಿರಬೇಕು ಎಂದು 1954ರ ಡಿಸೆಂಬರ್ 21ರಂದು ಹೇಳಿದ ನ್ಯಾಯಾಲಯ ಸಡಿಲಿಕೆಯನ್ನು ರದ್ದುಪಡಿಸಿತು. ಇಂದು ಲಕ್ಸೆಂಬರ್ಗ್‌ನಲ್ಲಿರುವ ಐರೋಪ್ಯ ನ್ಯಾಯಾಲಯದ ಮೊಟ್ಟಮೊದಲ ತೀರ್ಪುಗಳು ಉಕ್ಕಿನ ರಿಯಾಯಿತಿಯ ಬಗ್ಗೆಯೇ ಇವೆ ಎಂಬುದು ಈ ವ್ಯಾಪಾರದವರಲ್ಲೂ ಹಲವರಿಗೆ ತಿಳಿದಿಲ್ಲ.

ಆ ಒಪ್ಪಂದ 2002ರ ಜುಲೈ 23ರಂದು ಅವಧಿ ಮುಗಿದು ಕೊನೆಗೊಂಡಿತು. ದರಪಟ್ಟಿ ಪ್ರಕಟಿಸುವ ಹೊಣೆಯೂ ಅದರೊಂದಿಗೇ ಹೋಯಿತು. ಈಗ ಉಕ್ಕಿಗೂ ಸಾಮಾನ್ಯ ಸ್ಪರ್ಧಾ ಕಾನೂನೇ ಅನ್ವಯಿಸುತ್ತದೆ. ಸಂಸ್ಥೆಯೊಂದು ಒಂಟಿಯಾಗಿ ಮಾಡುವ ಬೆಲೆ ತಾರತಮ್ಯವು ಐರೋಪ್ಯ ಒಕ್ಕೂಟದ ಕಾರ್ಯನಿರ್ವಹಣಾ ಒಪ್ಪಂದದ 102ನೆಯ ವಿಧಿಯ ವ್ಯಾಪ್ತಿಗೆ ಬರುವುದು ಆ ಸಂಸ್ಥೆ ಮಾರುಕಟ್ಟೆಯಲ್ಲಿ ಪ್ರಬಲ ಸ್ಥಾನದಲ್ಲಿದ್ದರೆ ಮಾತ್ರ.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ನಿಮ್ಮ ಮಾರುಕಟ್ಟೆ ಪಾಲಿನ ಲೆಕ್ಕ. ಇದನ್ನು ಒಟ್ಟು ಉಕ್ಕಿನ ಮೇಲೆ ಹಾಕಿದರೆ ಪ್ರಯೋಜನವಿಲ್ಲ. ಬಿಸಿಯಾಗಿ ರೋಲ್ ಮಾಡಿದ ಕಾಯಿಲ್ (ಸುರುಳಿ ಸುತ್ತಿದ ಉಕ್ಕಿನ ಹಾಳೆ), ಸ್ಟೇನ್‌ಲೆಸ್ ಹಾಳೆ, ತೊಲೆ, ರೈಲು ಹಳಿ ಇವುಗಳಲ್ಲಿ ಒಂದರ ಬದಲು ಇನ್ನೊಂದನ್ನು ಕೊಳ್ಳಲಾಗದಿರುವುದರಿಂದ ಪ್ರತಿಯೊಂದಕ್ಕೂ ಬೇರೆ ಲೆಕ್ಕ ಬೇಕು. ಶೇಕಡಾ 50ಕ್ಕಿಂತ ಹೆಚ್ಚು ಪಾಲಿದ್ದರೆ ಪ್ರಬಲ ಸ್ಥಾನವಿದೆ ಎಂದು ನ್ಯಾಯಾಲಯಗಳು ಸಾಮಾನ್ಯವಾಗಿ ಭಾವಿಸುತ್ತವೆ. ಶೇಕಡಾ 40ಕ್ಕಿಂತ ಕಡಿಮೆ ಇದ್ದರೆ ಅದರ ಸಾಧ್ಯತೆ ಕಡಿಮೆ ಎಂಬುದು ಒಕ್ಕೂಟದ ಸ್ಪರ್ಧಾ ಕಾನೂನನ್ನು ಜಾರಿ ಮಾಡುವ ಐರೋಪ್ಯ ಆಯೋಗದ ನಿಲುವು. ಆದರೆ ಪಾಲು ಕಡಿಮೆ ಎಂದು ನಿಶ್ಚಿಂತರಾಗುವ ಮುನ್ನ ಸರಕು ಹೋಗುವ ದೇಶದ ಕಾನೂನನ್ನೂ ನೋಡಬೇಕು. ಜರ್ಮನಿಯ ಸ್ಪರ್ಧಾ ಕಾಯಿದೆಯ 20ನೆಯ ಕಲಮು, ಗಿರಾಕಿಗೆ ಬೇರೆ ದಾರಿಯಿಲ್ಲದಷ್ಟು ಅವಲಂಬನೆ ಇದ್ದಾಗ, ಪ್ರಬಲವಲ್ಲದ ಮಾರಾಟಗಾರನನ್ನೂ ತಾರತಮ್ಯದ ನಿಷೇಧಕ್ಕೆ ಒಳಪಡಿಸುತ್ತದೆ. ಫ್ರಾನ್ಸ್ ಇಂತಹ ಸಾಮಾನ್ಯ ನಿಷೇಧವನ್ನು 2008ರಲ್ಲಿ ತೆಗೆದುಹಾಕಿತು.

ಮುಂದಿನ ಕೆಲಸ ಗಿರಾಕಿಗಳನ್ನು ಅವರವರ ವ್ಯಾಪಾರಕ್ಕೆ ತಕ್ಕಂತೆ ವಿಂಗಡಿಸುವುದು. 102ನೆಯ ವಿಧಿ ಕೇಳುವುದು ಸಮಾನ ವ್ಯವಹಾರಗಳಲ್ಲಿ ಅಸಮಾನ ಷರತ್ತು ಹಾಕಿದ್ದರಿಂದ ಒಬ್ಬ ಖರೀದಿದಾರ ಸ್ಪರ್ಧೆಯಲ್ಲಿ ಹಿಂದೆ ಬಿದ್ದನೇ ಎಂದು. ಕಾರಿನ ಬಿಡಿಭಾಗ ಒತ್ತುವವನೂ ಕೊಳವೆ ಮಾಡುವವನೂ ಒಂದೇ ಕಾಯಿಲ್ ಕೊಂಡರೂ ಪರಸ್ಪರ ಸ್ಪರ್ಧಿಗಳಲ್ಲ. ಅಕ್ಕಪಕ್ಕದ ಎರಡು ಕೊಳವೆ ಕಾರ್ಖಾನೆಗಳ ವಿಷಯ ಹಾಗಲ್ಲ. ದರದಲ್ಲಿ ವ್ಯತ್ಯಾಸ ಇದ್ದ ಮಾತ್ರಕ್ಕೆ ಸಾಲದು, ಸ್ಪರ್ಧೆಯಲ್ಲಿ ಹಿನ್ನಡೆಯಾಗುವಷ್ಟು ಅದರ ಪರಿಣಾಮ ಇದೆಯೇ ಎಂದು ಎಲ್ಲ ಸಂದರ್ಭಗಳನ್ನೂ ನೋಡಿ ನಿರ್ಧರಿಸಬೇಕು ಎಂದು 2018ರ ಮಿಯೊ ಪ್ರಕರಣದಲ್ಲಿ ನ್ಯಾಯಾಲಯ ಸ್ಪಷ್ಟಪಡಿಸಿದೆ. ಗಿರಾಕಿಯ ದೇಶ ನೋಡಿ ದರ ಕಟ್ಟುವುದು ಮಾತ್ರ ಇಂದಿಗೂ ಅಪಾಯವೇ: ಒಂದೇ ಬಂದರಿನಲ್ಲಿ ಇಳಿಸಿದ ಬಾಳೆಹಣ್ಣಿಗೆ ಬೇರೆ ಬೇರೆ ದೇಶದ ವರ್ತಕರಿಂದ ಬೇರೆ ಬೇರೆ ದರ ಪಡೆದ ಯುನೈಟೆಡ್ ಬ್ರ್ಯಾಂಡ್ಸ್ ಸಂಸ್ಥೆ 1978ರಲ್ಲಿ ಸೋತದ್ದು ಈ ಕಾರಣಕ್ಕೆ. ಸರಕನ್ನು ಗಡಿಯಾಚೆ ಮರುಮಾರಾಟ ಮಾಡದಿದ್ದರೆ ಮಾತ್ರ ರಿಯಾಯಿತಿ ಎಂಬ ಷರತ್ತು ಬರೆಯಲೇಬೇಡಿ. ಅದು ಸಂಸ್ಥೆಗಳ ನಡುವಿನ ಸ್ಪರ್ಧಾವಿರೋಧಿ ಒಪ್ಪಂದಗಳನ್ನು ನಿಷೇಧಿಸುವ 101ನೆಯ ವಿಧಿಯ ವ್ಯಾಪ್ತಿಗೆ ಬರುವ ಕಾರಣ ಪ್ರಬಲ ಸ್ಥಾನದ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಈಗ ರಿಯಾಯಿತಿಯ ಲೆಕ್ಕ. ಮೂಲದರ ಟನ್ನಿಗೆ 600 ಯೂರೊ ಎಂದುಕೊಳ್ಳೋಣ. ಒಬ್ಬ ಗಿರಾಕಿ ಒಂದೇ ಅಳತೆಯ 2,000 ಟನ್ ಕಾಯಿಲನ್ನು ಒಂದೇ ಆದೇಶದಲ್ಲಿ ತೆಗೆದುಕೊಂಡು ರೈನ್ ನದಿಯ ದೋಣಿಯಲ್ಲಿ ಒಯ್ಯುತ್ತಾನೆ. ಇನ್ನೊಬ್ಬ ಅದೇ ಸರಕನ್ನು ಲಾರಿ ಲೆಕ್ಕದಲ್ಲಿ 25 ಟನ್‌ನಂತೆ ಬೇರೆ ಬೇರೆ ಅಳತೆಯಲ್ಲಿ ಕೇಳುತ್ತಾನೆ. ರೋಲಿಂಗ್ ಗಿರಣಿಯ ಹೊಂದಾಣಿಕೆಯಲ್ಲಿ 5, ಲೋಡಿಂಗ್‌ನಲ್ಲಿ 4, ಬೇಗ ಹಣ ಬರುವುದರಿಂದ ಬಡ್ಡಿಯಲ್ಲಿ 3 ಯೂರೊ ಉಳಿದರೆ ಒಟ್ಟು ಉಳಿತಾಯ 12 ಯೂರೊ. ಮೊದಲನೆಯವನಿಗೆ 30 ಯೂರೊ ರಿಯಾಯಿತಿ ಕೊಟ್ಟಿದ್ದರೆ ವಿವರಣೆ ಬೇಡುವುದು ಉಳಿದ 18 ಯೂರೊ. ಅದು ತಪ್ಪೇ ಎಂದಲ್ಲ, ಆದರೆ ಅದಕ್ಕೆ ಬೇರೆ ಕಾರಣ ಬೇಕು. ಸಾಗಣೆ, ಅಳತೆ, ಗುಣಮಟ್ಟದ ಹೆಚ್ಚುವರಿ ದರಗಳನ್ನು ಇನ್‌ವಾಯ್ಸ್‌ನಲ್ಲಿ ಬೇರೆ ಬೇರೆ ಸಾಲಿನಲ್ಲಿ ತೋರಿಸುವ ರೂಢಿಯನ್ನು ಬಿಡಬೇಡಿ. ಎಲ್ಲವನ್ನೂ ಒಂದೇ ದರದಲ್ಲಿ ಕಲಸಿದರೆ ಇಂತಹ ಲೆಕ್ಕ ತೋರಿಸುವುದೇ ಅಸಾಧ್ಯವಾಗುತ್ತದೆ. ಒಳ್ಳೆಯ ಸರಕನ್ನು ಎರಡನೆಯ ದರ್ಜೆಯೆಂದು ಬಿಲ್ ಮಾಡಿ ಬೆಲೆ ಇಳಿಸುವ ಹಳೆಯ ಉಪಾಯ ಪರೀಕ್ಷಾ ಪ್ರಮಾಣಪತ್ರ ತೆರೆದ ಕೂಡಲೇ ಬಯಲಾಗುತ್ತದೆ.

ಪ್ರಮಾಣದ ರಿಯಾಯಿತಿಯಲ್ಲಿ ಹಂತಗಳನ್ನು ಎಲ್ಲಿಡುತ್ತೀರಿ ಎಂಬುದು ಮುಖ್ಯ. ದೊಡ್ಡ ಗಿರಾಕಿಗೆ ಸರಾಸರಿ ಹೆಚ್ಚು ಲಾಭವಾಗುವುದು ಇಂತಹ ಪದ್ಧತಿಯ ಸಹಜ ಗುಣವೆಂದು ಪೋರ್ಚುಗಲ್ ವಿಮಾನ ನಿಲ್ದಾಣಗಳ 2001ರ ತೀರ್ಪು ಒಪ್ಪಿತು. ಆದರೆ ವೆಚ್ಚದ ಉಳಿತಾಯವಿಲ್ಲದೆ ಒಬ್ಬಿಬ್ಬರು ಮಾತ್ರ ತಲುಪಬಲ್ಲಂತೆ ಮೇಲಿನ ಹಂತವನ್ನು ಇಟ್ಟರೆ ಅದು ತಾರತಮ್ಯವಾಗಬಹುದು ಎಂದೂ ಹೇಳಿತು.

ಇದಕ್ಕಿಂತ ಸೂಕ್ಷ್ಮವಾದದ್ದು ವರ್ಷಾಂತ್ಯದಲ್ಲಿ ಹಿಂದಿನ ಖರೀದಿಗೂ ಸೇರಿಸಿ ಕೊಡುವ ರಿಯಾಯಿತಿ. 10,000 ಟನ್ ಮುಟ್ಟಿದರೆ ವರ್ಷದ ಇಡೀ ಖರೀದಿಗೆ ಶೇಕಡಾ 3 ಎಂದು ಒಪ್ಪಿರುವಾಗ ಗಿರಾಕಿ 9,900 ಟನ್‌ನಲ್ಲಿ ನಿಂತಿದ್ದಾನೆ ಎನ್ನೋಣ. ಅದೇ 600 ಯೂರೊ ದರದಲ್ಲಿ ಉಳಿದ 100 ಟನ್‌ಗೆ ಅವನು 60,000 ಯೂರೊ ಕೊಡುತ್ತಾನೆ, ಆದರೆ ಮರಳಿ ಪಡೆಯುವುದು 1,80,000 ಯೂರೊ. ಆ 100 ಟನ್ನನ್ನು ಪ್ರತಿಸ್ಪರ್ಧಿ ಉಚಿತವಾಗಿ ಕೊಟ್ಟರೂ ಗಿರಾಕಿ ಆ ಕಡೆ ತಿರುಗಿ ನೋಡುವುದಿಲ್ಲ. ಪ್ರಬಲ ಸಂಸ್ಥೆಗೆ ಇಂತಹ ಪದ್ಧತಿ ಬೇಡವೆಂಬುದೇ ನನ್ನ ಸಲಹೆ. ಹಂತ ದಾಟಿದ ಟನ್‌ಗಳಿಗೆ ಮಾತ್ರ ಹೆಚ್ಚಿನ ರಿಯಾಯಿತಿ ಕೊಟ್ಟರೆ ಗಿರಾಕಿಯೂ ಉಳಿಯುತ್ತಾನೆ, ಆಕ್ಷೇಪಕ್ಕೂ ಎಡೆ ಕಡಿಮೆ. ನಿಮ್ಮ ಬೇಡಿಕೆಯನ್ನೆಲ್ಲ ನಮ್ಮಿಂದಲೇ ಕೊಂಡರೆ ರಿಯಾಯಿತಿ ಎಂಬ ನಿಷ್ಠೆಯ ಷರತ್ತನ್ನು ಹಾಫ್‌ಮನ್-ಲಾ ರೋಶ್ ಪ್ರಕರಣದಲ್ಲಿ 1979ರಲ್ಲೇ ದುರುಪಯೋಗವೆಂದು ಕರೆಯಲಾಗಿದೆ. 2017ರ ಇಂಟೆಲ್ ತೀರ್ಪಿನ ನಂತರ, ತನ್ನ ರಿಯಾಯಿತಿಗೆ ಸ್ಪರ್ಧಿಗಳನ್ನು ಹೊರದಬ್ಬುವ ಶಕ್ತಿಯಿಲ್ಲ ಎಂದು ಸಂಸ್ಥೆ ಸಾಕ್ಷ್ಯ ಕೊಟ್ಟರೆ ಆಯೋಗ ಅದನ್ನು ಪರಿಶೀಲಿಸಲೇಬೇಕು. ಆದರೂ ವರ್ಷಗಟ್ಟಲೆ ನಡೆಯುವ ವ್ಯಾಜ್ಯದಲ್ಲಿ ಗೆಲ್ಲುವ ಭರವಸೆಯಿಂದ ಪಟ್ಟಿ ಮಾಡುವುದು ಜಾಣತನವಲ್ಲ. ದಂಡ ಹಿಂದಿನ ವರ್ಷದ ಒಟ್ಟು ವಹಿವಾಟಿನ ಶೇಕಡಾ 10ರವರೆಗೂ ಹೋಗಬಹುದು.

ಪ್ರತಿಸ್ಪರ್ಧಿಯ ದರಕ್ಕೆ ಸರಿಗಟ್ಟಲು ಬೆಲೆ ಇಳಿಸಿದಾಗ, ಆ ದರ ನಿಮಗೆ ಯಾರಿಂದ ತಿಳಿಯಿತು ಎಂಬುದನ್ನು ದಿನಾಂಕ ಸಮೇತ ಕಡತದಲ್ಲಿ ಬರೆದಿಡಿ. ಅದು ಗಿರಾಕಿಯಿಂದಲೇ ಬಂದಿರಬೇಕು, ಪ್ರತಿಸ್ಪರ್ಧಿಯಿಂದ ಎಂದಿಗೂ ಅಲ್ಲ. ಒಳಗೊಳಗೇ ದರ ಹೊಂದಿಸಿಕೊಂಡ ತೊಲೆ ತಯಾರಕರ ಕೂಟಕ್ಕೆ ಆಯೋಗ 1994ರಲ್ಲಿ 10 ಕೋಟಿ ಎಕುವಿಗೂ (ಯೂರೊಗೆ ಮುಂಚಿನ ಐರೋಪ್ಯ ಲೆಕ್ಕದ ಹಣ) ಮೀರಿದ ದಂಡ ಹಾಕಿದಾಗ, ದರ ಬಹಿರಂಗವಾಗಿರಬೇಕೆಂದ 60ನೆಯ ವಿಧಿಯನ್ನೇ ತಯಾರಕರು ರಕ್ಷಣೆಗೆ ಮುಂದಿಟ್ಟರು. 1999ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಸ್ಟೇನ್‌ಲೆಸ್ ತಯಾರಕರು ನಿಕ್ಕಲ್, ಕ್ರೋಮಿಯಂ ಮುಂತಾದವುಗಳ ಹೆಚ್ಚುವರಿ ದರದ ಸೂತ್ರವನ್ನು ಒಟ್ಟಾಗಿ ಬದಲಿಸಿದ್ದಕ್ಕೆ 1998ರಲ್ಲಿ ದಂಡ ತೆತ್ತರು. ಸೂತ್ರ ನಿಮ್ಮದೇ ಆಗಿರಲಿ, ಅದನ್ನು ಯಾರು, ಯಾವಾಗ, ಯಾವ ಅಂಕಿಯಿಂದ ರೂಪಿಸಿದರು ಎಂಬ ಟಿಪ್ಪಣಿಯೂ ಇರಲಿ.

ಕಾರ್ಖಾನೆ ಒಕ್ಕೂಟದ ಹೊರಗಿದ್ದರೆ ಇನ್ನೊಂದು ಲೆಕ್ಕ ಸೇರುತ್ತದೆ. ತಾಯ್ನಾಡಿನಲ್ಲಿ ಹೆಚ್ಚಿನ ದರಕ್ಕೂ ಯುರೋಪಿಗೆ ಕಡಿಮೆ ದರಕ್ಕೂ ಮಾರಿ, ಅದರಿಂದ ಅಲ್ಲಿನ ಉದ್ಯಮಕ್ಕೆ ಹಾನಿಯಾದರೆ ಡಂಪಿಂಗ್ ವಿರೋಧಿ ಸುಂಕ ಬೀಳಬಹುದು. ಎರಡೂ ಕಡೆಯ ದರಗಳನ್ನು ಹೋಲಿಸುವಾಗ ರಿಯಾಯಿತಿಯನ್ನು ಕಳೆಯಲು 2016/1036 ಸಂಖ್ಯೆಯ ನಿಯಮಾವಳಿ ಅವಕಾಶ ಕೊಡುತ್ತದೆ. ಆದರೆ ಅದರ ಮೊತ್ತ ಖಚಿತವಾಗಿರಬೇಕು, ಆಯಾ ಮಾರಾಟಕ್ಕೆ ನೇರ ಸಂಬಂಧಪಟ್ಟಿರಬೇಕು. ತಡವಾಗಿ ಕೊಡುವ ರಿಯಾಯಿತಿಯಾದರೆ ಹಿಂದಿನ ಅವಧಿಗಳಲ್ಲೂ ಅದೇ ಷರತ್ತಿನಲ್ಲಿ ಕೊಡುತ್ತ ಬಂದ ಪದ್ಧತಿಯನ್ನು ತೋರಿಸಬೇಕಾಗುತ್ತದೆ. ಆದ್ದರಿಂದ ತಾಯ್ನಾಡಿನ ಗಿರಾಕಿಗಳೊಂದಿಗಿನ ವಾರ್ಷಿಕ ರಿಯಾಯಿತಿ ಪತ್ರಗಳಿಗೂ ಅವಧಿ ಆರಂಭವಾಗುವ ಮುನ್ನವೇ ಸಹಿ ಮಾಡಿಸಿ, ಹಣ ಪಾವತಿಯಾದ ಬ್ಯಾಂಕ್ ದಾಖಲೆಯನ್ನು ಅವುಗಳ ಜೊತೆಗೇ ಇಡಿ.