ಎಡಿಎಚ್‌ಡಿ ಇರುವ ಮಗನಿಗಾಗಿ ಶಾಲೆಯಲ್ಲಿ ಏನು ಕೇಳಿದೆ, ಹೇಗೆ ಕೇಳಿದೆ

ಮಕ್ಕಳಿಗೆ ಎಡಿಎಚ್‌ಡಿ (ಗಮನ ನಿಲ್ಲಿಸಲು, ಸುಮ್ಮನೆ ಕೂರಲು ಕಷ್ಟವಾಗುವ ತೊಂದರೆ) ಇದೆ ಅಂತ ಗೊತ್ತಾದ ಅಮ್ಮಂದಿರು ನನ್ನಲ್ಲಿ ಮೊದಲು ಕೇಳುವುದು ಒಂದೇ ಪ್ರಶ್ನೆ. ಶಾಲೆಯಲ್ಲಿ ಹೇಳಬೇಕಾ, ಬೇಡ್ವಾ?

ಹೇಳಿ. ನೀವು ಹೇಳದಿದ್ದರೂ ಶಾಲೆಯಲ್ಲಿ ಅವನಿಗೆ ಒಂದು ಹೆಸರು ಬಿದ್ದೇ ಇರುತ್ತದೆ. ಉದಾಸೀನದವ, ತಂಟೆ ಮಾಡುವವ, ಮನೆಯಲ್ಲಿ ಕೊಂಡಾಟ ಜಾಸ್ತಿಯಾಗಿ ಹಾಳಾದವ. ಅದಕ್ಕಿಂತ ಡಾಕ್ಟರ್ ಇಟ್ಟ ಹೆಸರೇ ವಾಸಿ ಅಲ್ವಾ? ಆದರೆ ಬರೀ ಆ ಹೆಸರು ಹೇಳಿ ಮನೆಗೆ ಬಂದರೆ ಏನೂ ಆಗುವುದಿಲ್ಲ. ಟೀಚರಿಗೆ ಅದನ್ನು ಕೇಳಿ ಪಾಪ ಅನಿಸಬಹುದು, ಅಷ್ಟೇ. ನಾಳೆ ಬೆಳಿಗ್ಗೆ ಮೊದಲ ಪಿರಿಯೆಡ್‌ನಲ್ಲಿ ಅವರು ಏನು ಮಾಡಬೇಕು ಅಂತ ನಾವೇ ಹೇಳಬೇಕು, ಅದೂ ಅವರಿಂದ ಆಗುವಂಥದ್ದನ್ನು.

ನಾವು ಕಾಸರಗೋಡಿನ ಕುಂಬಳೆ ಕಡೆಯವರು. ಮಗ ಕನ್ನಡ ಮೀಡಿಯಂ, ಕೇರಳ ಸಿಲೆಬಸ್, ಈಗ ಒಂಬತ್ತನೇ ಕ್ಲಾಸು. ಅವನ ಅಪ್ಪ ಗಲ್ಫಿನಲ್ಲಿ, ಹಾಗಾಗಿ ಶಾಲೆಯ ಮೆಟ್ಟಿಲು ಹತ್ತಿದವಳು ನಾನೇ.

ಮೂರನೇ ಕ್ಲಾಸಿನಲ್ಲಿ ಮಂಗಳೂರಿನಲ್ಲಿ ತೋರಿಸಿದೆವು. ಡಾಕ್ಟರ್ ಇವನನ್ನು ನೋಡಿ ಅಲ್ಲೇ ತೀರ್ಮಾನ ಮಾಡಲಿಲ್ಲ. ಈ ಲಕ್ಷಣಗಳು ಮನೆ, ಶಾಲೆ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು, 12 ವರ್ಷದ ಒಳಗೇ ಶುರುವಾಗಿರಬೇಕು, ಆರು ತಿಂಗಳಾದರೂ ಇರಬೇಕು. ಅದಕ್ಕೆ ಮನೆಯವರಿಗೊಂದು, ಕ್ಲಾಸ್ ಟೀಚರಿಗೊಂದು ಫಾರಂ ಕೊಟ್ಟರು. ಎರಡೂ ಇಂಗ್ಲಿಷಿನಲ್ಲಿ. ಟೀಚರ್ ಅದನ್ನು ಹಾಜರಿ ಪುಸ್ತಕದ ಒಳಗೆ ಇಟ್ಟರು, ಅದು ಅಲ್ಲೇ ಉಳಿಯಿತು. ಅವರನ್ನು ದೂರಿ ಏನು ಪ್ರಯೋಜನ? ನಾನು ಒಂದು ರಾತ್ರಿ ಕೂತು ಇಡೀ ಫಾರಮನ್ನು ಕನ್ನಡದಲ್ಲಿ ಬರೆದೆ. ‘ಪೆನ್ಸಿಲು, ಪುಸ್ತಕ ಕಳೆದುಕೊಂಡು ಬರುತ್ತಾನೆ: ಇಲ್ಲ, ಅಪರೂಪಕ್ಕೆ, ಹೆಚ್ಚಾಗಿ, ಯಾವಾಗಲೂ.’ ‘ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಾನೆ.’ ‘ಕೂರಬೇಕಾದಲ್ಲಿ ಎದ್ದು ಹೋಗುತ್ತಾನೆ.’ ಇಂಗ್ಲಿಷ್ ಫಾರಂ ಕೆಳಗೆ ಇದನ್ನು ಪಿನ್ ಮಾಡಿ ಕೊಟ್ಟೆ. ಮರುದಿನವೇ ಟಿಕ್ ಹಾಕಿ ಕೊಟ್ಟರು. ಟಿಕ್ ಹಾಕುತ್ತಾ ಹಾಕುತ್ತಾ ಟೀಚರಿಗೇ ಒಂದು ಅನುಮಾನ ಬಂತು. “ಅಲ್ಲ, ಇವ ಬೇಕಂತಲೇ ಮಾಡುವುದಾದರೆ ಆಟದಲ್ಲಿ ಯಾಕೆ ತನ್ನ ಸರದಿ ಕಾಯುವುದಿಲ್ಲ? ಅಲ್ಲಿ ನಷ್ಟ ಅವನಿಗೇ ಅಲ್ವಾ?” ಅಂದರು. ನನ್ನ ಭಾಷಣಕ್ಕಿಂತ ಆ ಫಾರಂ ಹೆಚ್ಚು ಕೆಲಸ ಮಾಡಿತು.

ಹೆಡ್ಮಾಷ್ಟ್ರು ಒಪ್ಪಲಿಲ್ಲ. “ನಿಮ್ಮ ಮಗ ದೇವಸ್ಥಾನದ ಯಕ್ಷಗಾನ ಆಟಕ್ಕೆ ಬಂದರೆ ಬೆಳಗಿನ ತನಕ ಚೆಂಡೆಯ ಹತ್ತಿರದಿಂದ ಏಳುವುದಿಲ್ಲ, ನಾನೇ ನೋಡಿದ್ದೇನೆ. ಕ್ಲಾಸಿನಲ್ಲಿ ಮಾತ್ರ ಆಗುವುದಿಲ್ಲ ಅಂದರೆ ಹೇಗಮ್ಮಾ?” ಈ ಪ್ರಶ್ನೆ ನಿಮಗೂ ಬರುತ್ತದೆ, ಯಕ್ಷಗಾನದ ಜಾಗದಲ್ಲಿ ಮೊಬೈಲೋ ಕ್ರಿಕೆಟ್ಟೋ ಇರಬಹುದು. ಉತ್ತರ ತಯಾರಿಟ್ಟುಕೊಳ್ಳಿ. ಈ ಮಕ್ಕಳಿಗೆ ಗಮನವೇ ಇಲ್ಲ ಅಂತಲ್ಲ. ಅದನ್ನು ಬೇಕಾದ ಕಡೆ ತಿರುಗಿಸಿ ನಿಲ್ಲಿಸುವುದು ಕಷ್ಟ. ಇಷ್ಟದ್ದು, ಕ್ಷಣಕ್ಷಣಕ್ಕೂ ಹೊಸದು ಬರುವಂಥದ್ದು ಆದರೆ ತಾನಾಗಿ ನಿಲ್ಲುತ್ತದೆ. ಬೋರ್ಡಿನಲ್ಲಿರುವ ಹತ್ತು ಸಾಲು ನಕಲು ಮಾಡುವಾಗ ನಿಲ್ಲುವುದಿಲ್ಲ. ನಾನು ಹೆಡ್ಮಾಷ್ಟ್ರಲ್ಲಿ ಹೇಳಿದ್ದು ಇಷ್ಟೇ: “ಮಾಷ್ಟ್ರೇ, ಚೆಂಡೆ ಎದುರು ಕೂರುವವ ಅಂತ ನೀವೇ ಹೇಳಿದಿರಿ. ಹಾಗಾದರೆ ಕೂರಲಿಕ್ಕೆ ಅವನಿಗೆ ಏನು ಬೇಕು ಅಂತ ನೋಡುವ.” ಒಪ್ಪಿದರು ಅಂತ ಹೇಳಲಾರೆ. ಕಾಗದ ತಂದು ಕೊಡಿ ಅಂದರು. ನನಗೆ ಬೇಕಾದದ್ದೂ ಅದೇ.

ಆ ಕಾಗದ ಒಂದೇ ಪುಟ. ಜಾಸ್ತಿ ಆದರೆ ಯಾರೂ ಓದುವುದಿಲ್ಲ. ಮೇಲೆ ಎರಡು ಸಾಲು ಇವನ ತೊಂದರೆ, ಎರಡು ಸಾಲು ಇವನಿಗೆ ಏನು ಚೆನ್ನಾಗಿ ಬರುತ್ತದೆ ಅಂತ (ಇದನ್ನು ಬಿಡಬೇಡಿ, ಟೀಚರುಗಳು ಮೊದಲು ಓದುವುದು ಅದನ್ನೇ). ಕೆಳಗೆ ನನ್ನ ಬೇಡಿಕೆಗಳು. ಎದುರಿನ ಬೆಂಚು, ಆದರೆ ಬಾಗಿಲು ಕಿಟಕಿಯಿಂದ ದೂರ. ನಮ್ಮಲ್ಲಿ ಮಳೆಗಾಲದಲ್ಲಿ ಕಿಟಕಿ ಬದಿಯಲ್ಲಿ ಕೂತರೆ ಯಾವ ಮಗುವಿಗೂ ಪಾಠ ಕೇಳುವುದಿಲ್ಲ ಬಿಡಿ. ಪಕ್ಕದಲ್ಲಿ ಒಬ್ಬ ಸಮಾಧಾನದ ಹುಡುಗ. ಕೆಲಸ ಹೇಳುವಾಗ ಒಂದು ಸಲಕ್ಕೆ ಒಂದೇ: ‘ಪುಸ್ತಕ ತೆಗೆ’ ಅಂತ ಹೇಳಿ, ತೆಗೆದ ಮೇಲೆ ‘ಇಷ್ಟನೇ ಪುಟ’. ಹತ್ತು ಲೆಕ್ಕ ಕೊಡುವಲ್ಲಿ ಮೊದಲು ನಾಲ್ಕು ಕೊಟ್ಟು, ನೋಡಿ, ಆಮೇಲೆ ಉಳಿದದ್ದು. ಹೋಂವರ್ಕ್ ಡೈರಿಯಲ್ಲಿ ಬರೆದಿದ್ದಾನಾ ಅಂತ ಬೆಲ್ ಹೊಡೆಯುವ ಮೊದಲು ಒಮ್ಮೆ ಕಣ್ಣು ಹಾಯಿಸಿ. ಚಡಪಡಿಸುವುದು ಕಂಡರೆ ಬೈಯುವ ಬದಲು ಸ್ಟಾಫ್ ರೂಮಿನಿಂದ ಚಾಕ್ ತರಲಿಕ್ಕೋ ಬೋರ್ಡ್ ಒರೆಸಲಿಕ್ಕೋ ಕಳಿಸಿ.

ಚಾಕ್ ತರುವ ಕೆಲಸದಷ್ಟು ಒಳ್ಳೆಯ ಮದ್ದು ನಾನು ಬೇರೆ ಕಂಡಿಲ್ಲ. ಎದ್ದು ನಡೆದು ಬಂದರೆ ಮುಂದಿನ ಹದಿನೈದು ನಿಮಿಷ ಸಿಗುತ್ತದೆ, ಜೊತೆಗೆ ಟೀಚರ್ ನನಗೇ ಹೇಳಿದರು ಅಂತ ಸಣ್ಣ ಗತ್ತು.

ಇದರಲ್ಲಿ ಯಾವುದಕ್ಕೂ ದುಡ್ಡು ಬೇಡ, ಬೇರೆ ಟೀಚರ್ ಬೇಡ. ಹಾಗಾಗಿ ‘ನಮ್ಮ ಶಾಲೆಯಲ್ಲಿ ಅಂಥ ಸೌಕರ್ಯ ಇಲ್ಲ’ ಅಂತ ಹೇಳಲಿಕ್ಕೆ ಆಗುವುದಿಲ್ಲ. ಎಲ್ಲವೂ ಆಗಲಿಲ್ಲ, ನಿಜ. ಒಬ್ಬ ಟೀಚರ್ ಬೆಂಚು ಬದಲಿಸಿದರು, ಡೈರಿ ನೋಡಲಿಲ್ಲ. ಇನ್ನೊಬ್ಬರು ಉಲ್ಟಾ. ಆದದ್ದಕ್ಕೆ ಥ್ಯಾಂಕ್ಸ್ ಹೇಳಿ, ಆಗದ್ದನ್ನು ಮುಂದಿನ ಕ್ಲಾಸ್ ಪಿಟಿಎಯಲ್ಲಿ ಮತ್ತೆ ಕೇಳುವುದು. ಜಗಳಕ್ಕೆ ಹೋಗಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಬಿಟ್ಟುಕೊಡಲಿಲ್ಲ. ಬರೆದು ಮುಗಿಸದ್ದಕ್ಕೆ ಆಟದ ಪಿರಿಯೆಡ್ ಕಟ್ ಮಾಡುವುದು, ಹೊರಗೆ ವರಾಂಡದಲ್ಲಿ ನಿಲ್ಲಿಸುವುದು. ಓಡಾಡದೆ ಇರಲಾರದ ಮಗುವಿಗೆ ಓಡಾಟವನ್ನೇ ಶಿಕ್ಷೆ ಅಂತ ತಪ್ಪಿಸಿದರೆ ಮಧ್ಯಾಹ್ನದ ಮೇಲೆ ಕ್ಲಾಸಿನಲ್ಲಿ ಅದನ್ನು ಅನುಭವಿಸುವವರೂ ಅದೇ ಟೀಚರ್. ಇದಕ್ಕೆ ಬಾಯಿಮಾತು ಸಾಲದು ಅನಿಸಿ ಹೆಡ್ಮಾಷ್ಟ್ರಿಗೆ ಪತ್ರ ಬರೆದೆ. ‘ದೂರು’ ಅಂತ ಬರೆಯಲಿಲ್ಲ, ‘ಮನವಿ’ ಅಂತ ಬರೆದೆ. ಯಾರ ಹೆಸರೂ ಹಾಕಲಿಲ್ಲ. 2009ರ ಶಿಕ್ಷಣ ಹಕ್ಕು ಕಾನೂನಿನ 17ನೇ ಸೆಕ್ಷನ್‌ನಲ್ಲಿ ಮಕ್ಕಳಿಗೆ ಹೊಡೆಯುವುದು ಮಾತ್ರ ಅಲ್ಲ, ಮಾನಸಿಕ ಕಿರುಕುಳವೂ ನಿಷೇಧ ಅಂತ ಇದೆ. ಅದನ್ನು ಕೊನೆಯಲ್ಲಿ ಒಂದು ಸಾಲಿನಲ್ಲಿ ಸೇರಿಸಿದೆ. ಎರಡು ಪ್ರತಿ ತೆಗೆದುಕೊಂಡು ಹೋಗಿ ಒಂದರ ಮೇಲೆ ತಾರೀಕು, ಸೀಲು ಹಾಕಿಸಿಕೊಂಡೆ. ಸೀಲು ಬಿದ್ದ ಕಾಗದಕ್ಕೆ ಬೇರೆಯೇ ಮರ್ಯಾದೆ. ಆ ವಾರದಿಂದ ಆಟದ ಪಿರಿಯೆಡ್ ಉಳಿಯಿತು.

ಇನ್ನು ಭಾಷೆಯ ತಲೆನೋವು. ಗಡಿಯಲ್ಲಿರುವ ನಮಗೆ ಇದು ಬೇರೆಯೇ ಅಧ್ಯಾಯ. ಮಗನಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳಂ, ಪುಸ್ತಕದಲ್ಲಿ ಇಂಗ್ಲಿಷ್, ಹಿಂದಿ. ಬಿ.ಆರ್.ಸಿ.ಯಿಂದ (ಬ್ಲಾಕ್ ಸಂಪನ್ಮೂಲ ಕೇಂದ್ರ) ಬಂದ ಸ್ಪೆಷಲ್ ಟೀಚರ್ ಒಳ್ಳೆಯವರು, ಮಕ್ಕಳ ಮೇಲೆ ಪ್ರೀತಿ ಇತ್ತು, ಆದರೆ ಮಲಯಾಳಂ ಬಿಟ್ಟು ಬೇರೆ ಬರುತ್ತಿರಲಿಲ್ಲ. ಅವರು ಕೇಳಿದ್ದಕ್ಕೆ ಇವ ಅರ್ಧಂಬರ್ಧ ಉತ್ತರ ಕೊಟ್ಟ. ‘ಹೇಳಿದ್ದು ಅರ್ಥ ಆಗುವುದಿಲ್ಲ’ ಅಂತ ಬರೆದುಕೊಂಡರು. ಅದು ಗಮನದ ತೊಂದರೆಯಾ, ಬುದ್ಧಿಯ ತೊಂದರೆಯಾ, ಬರೀ ಭಾಷೆಯ ತೊಂದರೆಯಾ? ಆ ಚೀಟಿ ನೋಡಿ ಯಾರೂ ಹೇಳಲಾರರು. ನಾನು ಕನ್ನಡದಲ್ಲೇ ಇನ್ನೊಮ್ಮೆ ಕೇಳಿ ಅಂತ ಬರೆದು ಕೊಟ್ಟೆ. ಕ್ಲಾಸ್ ಟೀಚರ್ ಪಕ್ಕದಲ್ಲಿ ಕೂತು ಪ್ರಶ್ನೆಗಳನ್ನು ಕನ್ನಡಕ್ಕೆ ಹೇಳಿದರು. ಬರೆದ ಫಲಿತಾಂಶ ಬೇರೆಯೇ ಬಂತು. ಕಾಸರಗೋಡಿನ ಕನ್ನಡ ಅಮ್ಮಂದಿರು ಇದೊಂದನ್ನು ಗಟ್ಟಿಯಾಗಿ ಹಿಡಿಯಿರಿ: ಮಗುವನ್ನು ಪರೀಕ್ಷೆ ಮಾಡುವ ಭಾಷೆ ಮಗು ಕಲಿಯುವ ಭಾಷೆಯೇ ಆಗಿರಬೇಕು. ಯಾವ ಭಾಷೆಯಲ್ಲಿ ಮಾಡಿದರು ಅಂತ ರಿಪೋರ್ಟಿನಲ್ಲಿ ಬರೆಸಿಕೊಳ್ಳಿ.

2020ರ ಮಾರ್ಚಿನಲ್ಲಿ ಕೊರೋನಾ ಅಂತ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಮಂಗಳೂರಿನ ಡಾಕ್ಟರ್ ಫೋನಿಗೆ ಮಾತ್ರ ಸಿಕ್ಕಿದರು. ಮಗನಿಗೆ ಎಡಿಎಚ್‌ಡಿಗೆ ಕೊಡುತ್ತಿದ್ದ ಮಾತ್ರೆ ಮಿಥೈಲ್‌ಫೆನಿಡೇಟ್. ಅದು ಎಲ್ಲ ಮೆಡಿಕಲಿನಲ್ಲೂ ಸಿಗುವ ಮಾತ್ರೆ ಅಲ್ಲ, ಚೀಟಿ ಇಲ್ಲದೆ ಕೊಡುವಂತೆಯೂ ಇಲ್ಲ. ನಾಲ್ಕನೇ ಕ್ಲಾಸ್ ಇಡೀ ವಿಕ್ಟರ್ಸ್ ಚಾನೆಲ್ (ಕೇರಳ ಸರ್ಕಾರದ ಪಾಠದ ಟಿವಿ ಚಾನೆಲ್), ಮೊಬೈಲು. ಆ ವರ್ಷದ ಬಗ್ಗೆ ಹೇಳಲಿಕ್ಕೆ ಜಾಸ್ತಿ ಇಲ್ಲ, ದಾಟಿದೆವು.

ಮಾತ್ರೆಯ ವಿಷಯ ಶಾಲೆಯಲ್ಲಿ ಎಷ್ಟು ಹೇಳಬೇಕು ಅಂತ ಡಾಕ್ಟರಲ್ಲೇ ಕೇಳಿದೆ. ಕ್ಲಾಸ್ ಟೀಚರಿಗೆ ಹೇಳಿ, ಯಾಕೆಂದರೆ ಕೆಲಸ ಮಾಡುತ್ತಿದೆಯಾ ಅಂತ ಗೊತ್ತಾಗುವುದು ಅವರಿಗೇ, ಅಂದರು. ಹಸಿವು ಕಡಿಮೆ ಆಗುವುದು ಇದರ ಸಾಮಾನ್ಯ ಅಡ್ಡಪರಿಣಾಮ. ಮಧ್ಯಾಹ್ನದ ಊಟ ಬಿಡುತ್ತಿದ್ದಾನೆ ಅಂತ ಮೊದಲು ಹೇಳಿದವರು ಶಾಲೆಯಲ್ಲಿ ಅಡುಗೆ ಮಾಡುವ ಅಕ್ಕ. ಆಮೇಲೆ ಬೆಳಿಗ್ಗೆ ಮಾತ್ರೆಗೆ ಮೊದಲೇ ಹೊಟ್ಟೆ ತುಂಬಾ ತಿನ್ನಿಸಿ ಕಳಿಸುವುದು ರೂಢಿಯಾಯಿತು. ಕೊನೆಯ ಪಿರಿಯೆಡ್ ಹೊತ್ತಿಗೆ ಮಾತ್ರೆಯ ಬಲ ಇಳಿಯುತ್ತಿತ್ತು. ಗಣಿತವನ್ನು ಬೆಳಿಗ್ಗೆಗೆ ಹಾಕಬಹುದಾ ಅಂತ ಕೇಳಿದೆ. ಟೈಮ್‌ಟೇಬಲ್ ಒಬ್ಬನಿಗಾಗಿ ಬದಲಾಗುವುದಿಲ್ಲ ಅಂದರು. ಸರಿ, ಆ ದಿನದ ಗಣಿತ ಹೋಂವರ್ಕನ್ನು ಮರುದಿನ ಬೆಳಿಗ್ಗೆ ತೋರಿಸಬಹುದಾ ಅಂದೆ. ಅದಕ್ಕೆ ಒಪ್ಪಿದರು. ಹೀಗೆ ದೊಡ್ಡದು ಕೇಳಿ ಸಣ್ಣದಕ್ಕೆ ಇಳಿಯುವುದು ಮೀನು ಮಾರ್ಕೆಟಿನಲ್ಲಿ ನಡೆಯುವಂಥದ್ದೇ, ಶಾಲೆಯಲ್ಲೂ ನಡೆಯುತ್ತದೆ.

ಏಳನೇ ಕ್ಲಾಸಿಗೆ ಬಂದಾಗ ಬರವಣಿಗೆಯೇ ದೊಡ್ಡ ಪ್ರಶ್ನೆ ಆಯಿತು. ಬಾಯಿಯಲ್ಲಿ ಎಲ್ಲ ಉತ್ತರ ಹೇಳುತ್ತಾನೆ, ಪೇಪರಿನಲ್ಲಿ ಅರ್ಧ ಸಾಲು. ಇಲ್ಲಿ ಕಾನೂನಿನ ಒಂದು ಸೂಕ್ಷ್ಮ ಎಲ್ಲರಿಗೂ ಗೊತ್ತಿರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾನೂನಿನಲ್ಲಿ 21 ಬಗೆಯ ತೊಂದರೆಗಳ ಪಟ್ಟಿ ಇದೆ. ಅದರಲ್ಲಿ ಎಡಿಎಚ್‌ಡಿ ಇಲ್ಲ. ಕಲಿಕೆಯ ನಿರ್ದಿಷ್ಟ ತೊಂದರೆ, ಅಂದರೆ ಎಸ್‌ಎಲ್‌ಡಿ, ಇದೆ. ಎಡಿಎಚ್‌ಡಿ ಇರುವ ಎಷ್ಟೋ ಮಕ್ಕಳಿಗೆ ಎಸ್‌ಎಲ್‌ಡಿಯೂ ಜೊತೆಗೆ ಇರುತ್ತದೆ. ಓದಲಿಕ್ಕೆ ಬರೆಯಲಿಕ್ಕೆ ತೀರಾ ಕಷ್ಟ ಪಡುವ ಮಗುವಾದರೆ ಅದನ್ನು ಬೇರೆಯಾಗಿ ಪರೀಕ್ಷೆ ಮಾಡಿಸಿ. ಅದೇ ಕಾನೂನಿನ 17ನೇ ಸೆಕ್ಷನ್‌ನಲ್ಲಿ ಪರೀಕ್ಷೆಗೆ ಹೆಚ್ಚಿನ ಸಮಯ, ಬರೆಯಲು ಸಹಾಯಕ, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ ಎಲ್ಲ ಬರುತ್ತದೆ. (ಎರಡು ಕಾನೂನಿನಲ್ಲೂ ನಮಗೆ ಬೇಕಾದದ್ದು 17ನೇ ಸೆಕ್ಷನ್ನೇ, ನೆನಪಿಡಲು ಸುಲಭ.) ನಾವು ಮಂಗಳೂರಿನಲ್ಲಿ ಕನ್ನಡದಲ್ಲೇ ಟೆಸ್ಟ್ ಮಾಡಿಸಿದೆವು. ಆದರೆ ಖಾಸಗಿ ಆಸ್ಪತ್ರೆಯ ರಿಪೋರ್ಟ್ ಸರ್ಟಿಫಿಕೇಟ್ ಆಗುವುದಿಲ್ಲ. ಅದನ್ನು ಹಿಡಿದುಕೊಂಡು ನಮ್ಮ ಜಿಲ್ಲೆಯ ಸರ್ಕಾರಿ ಮೆಡಿಕಲ್ ಬೋರ್ಡಿನ ಮುಂದೆ ಹೋಗಬೇಕಾಯಿತು. ಕ್ಯೂ, ಮಲಯಾಳಂ ಫಾರಂ, ‘ನಾಳೆ ಬನ್ನಿ’, ಎಲ್ಲ ಇತ್ತು. ಬೇಗ ಶುರುಮಾಡಿದ್ದು ಒಳ್ಳೆಯದಾಯಿತು.

ಅತ್ತೆಗೆ ಇದು ಇಷ್ಟ ಇರಲಿಲ್ಲ. “ಹುಡುಗನಿಗೆ ಸರ್ಕಾರಿ ಮೊಹರು ಹೊಡೆಸಿ ಬಂದೆಯಾ?” ಅಂದರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಪರೀಕ್ಷೆ ಹಾಲಿನಲ್ಲಿ ಕೂರುವವ ಅವನು.

ಅದೂ ಸರಿಯಾದ ಹೊತ್ತಿಗೇ ಆಯಿತು. 2024-25ರಿಂದ ಎಂಟನೇ ಕ್ಲಾಸಿಗೆ ಪ್ರತಿ ವಿಷಯದ ಬರಹದ ಪರೀಕ್ಷೆಯಲ್ಲಿ ಕಡಿಮೆ ಅಂದರೆ ಶೇ. 30 ಅಂಕ ಬೇಕು ಅಂತ ಕೇರಳದಲ್ಲಿ ನಿಯಮ ಬಂತು. ಮೊದಲು ಸಿಕ್ಕಿಬಿದ್ದದ್ದು ಇವನ ಬ್ಯಾಚೇ. ಹೆಚ್ಚಿನ ಸಮಯ ಸಿಕ್ಕಿತು. ಆದರೆ ಸಮಯ ಸಿಕ್ಕಿದ ಮಾತ್ರಕ್ಕೆ ಬರೆಯುತ್ತಾನೆ ಅಂತ ಏನೂ ಇಲ್ಲ, ಫ್ಯಾನ್ ನೋಡುತ್ತಾ ಕೂತರೂ ಸಮಯ ಹೋಗುತ್ತದೆ. ನಮ್ಮ ಪರೀಕ್ಷೆಯಲ್ಲಿ ಮೊದಲ 15 ನಿಮಿಷ ಕೂಲ್ ಆಫ್ ಟೈಮ್, ಓದಬಹುದು, ಉತ್ತರ ಬರೆಯುವ ಹಾಗಿಲ್ಲ. ಬೇರೆ ಮಕ್ಕಳಿಗೆ ಉಪಕಾರ, ಇವನಿಗೆ ಹಿಂಸೆ. ಆ 15 ನಿಮಿಷದಲ್ಲಿ ಏನು ಮಾಡಬೇಕು ಅಂತ ಮನೆಯಲ್ಲಿ ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಅಭ್ಯಾಸ ಮಾಡಿಸಿದೆ: ಮೊದಲು ಬರೆಯುವ ಮೂರು ಪ್ರಶ್ನೆ ಆರಿಸು, ಅದರ ಉತ್ತರದ ಮೊದಲ ಸಾಲು ಮನಸ್ಸಲ್ಲೇ ಹೇಳಿಕೋ. ಹಾಲಿನಲ್ಲಿರುವ ಟೀಚರಲ್ಲಿ ಕೇಳಿಕೊಂಡದ್ದು ಒಂದೇ, ಆಗಾಗ ಬಂದು ಡೆಸ್ಕನ್ನು ಮೆಲ್ಲ ತಟ್ಟಿ ಹೋಗಿ ಅಂತ. ಓಣಂ ಪರೀಕ್ಷೆಯಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದೆವು, ಕ್ರಿಸ್ಮಸ್ ಪರೀಕ್ಷೆಗೆ ಸ್ವಲ್ಪ ಸರಿಮಾಡಿದೆವು. ವಾರ್ಷಿಕ ಪರೀಕ್ಷೆಯಲ್ಲಿ ಹಿಂದಿ ಬಿಟ್ಟು ಎಲ್ಲ ನೇರ ದಾಟಿದ. ಹಿಂದಿಗೆ ರಜೆಯಲ್ಲಿ ಕ್ಲಾಸ್ ಮಾಡಿ ಮತ್ತೆ ಬರೆಸಿದರು, ಅದೂ ಆಯಿತು.

ಪ್ರತಿ ಜೂನ್‌ನಲ್ಲಿ ಎಲ್ಲ ಹೊಸದಾಗಿ ಶುರು. ಟೀಚರ್ ಬದಲು, ಹೆಡ್ಮಾಷ್ಟ್ರು ಟ್ರಾನ್ಸ್‌ಫರ್. ಕನ್ನಡ ಹುದ್ದೆ ಖಾಲಿ ಇದ್ದರೆ ದಿನಕೂಲಿಯ ಟೀಚರ್ ಬರುತ್ತಾರೆ, ನಾಲ್ಕು ತಿಂಗಳಲ್ಲಿ ಅವರೂ ಹೋಗುತ್ತಾರೆ. ಹಳೆಯವರು ಹೊಸಬರಿಗೆ ಹೇಳಿರುತ್ತಾರೆ ಅಂತ ನಂಬಿ ಕೂರುವುದಿಲ್ಲ. ಶಾಲೆ ಶುರುವಾದ ಮೊದಲ ವಾರ, ಪಾಠ ಬಿಸಿ ಏರುವ ಮೊದಲು, ಹೋಗಿ ಐದು ನಿಮಿಷ ಕೇಳುತ್ತೇನೆ. ಆ ಒಂದು ಪುಟವನ್ನು ಹೊಸದಾಗಿ ಬರೆದು, ಹಳೇ ಟೀಚರ್ ಮಾಡಿ ಫಲ ಸಿಕ್ಕಿದ್ದನ್ನು ಅವರ ಹೆಸರಲ್ಲೇ ಸೇರಿಸುತ್ತೇನೆ. ‘ಅಮ್ಮ ಹೇಳುತ್ತಾರೆ’ ಅನ್ನುವುದಕ್ಕಿಂತ ‘ಹಿಂದಿನ ಟೀಚರ್ ಹೀಗೆ ಮಾಡಿ ಸರಿಯಾಯಿತಂತೆ’ ಅನ್ನುವುದಕ್ಕೆ ಸ್ಟಾಫ್ ರೂಮಿನಲ್ಲಿ ಬೆಲೆ ಜಾಸ್ತಿ.

ಈ ವರ್ಷ ಆ ಪುಟವನ್ನು ಮಗನೇ ನೋಡಿ ಎರಡು ಸಾಲು ಹೊಡೆದು ಹಾಕಿದ. ಪಕ್ಕದಲ್ಲಿ ಸಮಾಧಾನದ ಹುಡುಗ ಬೇಡವಂತೆ, ಅವನು ತುಂಬಾ ಬೋರು. ಚಾಕ್ ತರುವುದೂ ಬೇಡ, ಒಂಬತ್ತನೇ ಕ್ಲಾಸಿನವನಿಗೆ ನಾಚಿಕೆ. ಬದಲಿಗೆ ನೀರು ಕುಡಿದು ಬರಲು ಕೇಳಿದರೆ ಬಿಡಬೇಕು ಅಂತ ಬರೆದ. ಹಾಗೇ ಕೊಟ್ಟೆವು. ಮುಂದಿನ ಜೂನ್‌ಗೆ ಹತ್ತನೇ ಕ್ಲಾಸು. ಎಸ್ಸೆಸ್ಸೆಲ್ಸಿಯ ಹೆಚ್ಚಿನ ಸಮಯಕ್ಕೆ ಅರ್ಜಿ ಹೆಡ್ಮಾಷ್ಟ್ರ ಮೂಲಕವೇ ಹೋಗಬೇಕು. ಸರ್ಟಿಫಿಕೇಟಿನ ಪ್ರತಿ ಆಫೀಸಿನ ಫೈಲಿನಲ್ಲಿ ಇದೆಯಾ ಅಂತ ಹೋದ ವಾರವೇ ನೋಡಿ ಬಂದೆ. ಇರಲಿಲ್ಲ. ಇನ್ನೊಂದು ಪ್ರತಿ ಕೊಟ್ಟು, ಸೀಲು ಹಾಕಿಸಿಕೊಂಡು ಬಂದೆ.