ಮೈಸೂರು–ಮಂಡ್ಯದಿಂದ ಹೊರದೇಶದ ಕ್ರೈಸ್ತ ಸೇವೆಗೆ: ನಿಮ್ಮ ದಾರಿಯನ್ನು ಗುರುತಿಸಿಕೊಳ್ಳುವ ಬಗೆ

1799ರ ನಂತರ ಶ್ರೀರಂಗಪಟ್ಟಣದ ಕ್ರೈಸ್ತರ ನಡುವೆ ದುಡಿದ ಕಥೋಲಿಕ ಗುರು ಅಬ್ಬೆ ದ್ಯುಬ್ವಾ ಪ್ಯಾರಿಸ್ಸಿನ ಮಿಷನ್ ಸಂಸ್ಥೆಯಿಂದ ಬಂದವರು; ಮೈಸೂರಿನ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯನ್ನು ಕಟ್ಟಿಸಿದವರು ಇಂಗ್ಲೆಂಡಿನ ವೆಸ್ಲಿಯನ್ನರು, ಅಂದರೆ ಪ್ರೊಟೆಸ್ಟೆಂಟ್ ಮೆಥೊಡಿಸ್ಟ್ ಮಿಷನರಿಗಳು. ಈಗ ಇಲ್ಲಿನ ಯುವಕ ಯುವತಿಯರೇ ಸೇವೆಗಾಗಿ ಹೊರಗೆ ಹೋಗಲು ಬಯಸುತ್ತಿದ್ದಾರೆ. ಅವರಲ್ಲಿ ಅನೇಕರು ಮೊದಲು ಕೇಳುವುದು ಯಾವ ದೇಶಕ್ಕೆ ಹೋಗಬಹುದು ಎಂದು. ನನ್ನ ದೃಷ್ಟಿಯಲ್ಲಿ ಅದನ್ನು ಕೊನೆಗೆ ಕೇಳಬೇಕು. ನಿಮ್ಮನ್ನು ಕಳುಹಿಸುವವರು ಯಾರು, ಅಲ್ಲಿ ನೀವು ಯಾರಿಗೆ ಉತ್ತರ ಕೊಡಬೇಕು ಎಂಬುದು ಮೊದಲು ತೀರ್ಮಾನವಾಗಬೇಕು.

ಆದ್ದರಿಂದ ಮೊದಲ ಹೆಜ್ಜೆ ನಿಮ್ಮ ಸ್ವಂತ ಸಭೆಯಲ್ಲೇ, ಅಂದರೆ ನಿಮ್ಮ ಚರ್ಚಿನ ಸಮುದಾಯದಲ್ಲೇ ಇದೆ. ಬೈಬಲಿನಲ್ಲಿ ಬರುವ ಆದಿ ಪ್ರಚಾರಕರಾದ ಬಾರ್ನಬ ಮತ್ತು ಪೌಲರನ್ನು ಅಂತಿಯೋಕ್ಯ ಪಟ್ಟಣದ ಸಭೆ ಕಳುಹಿಸಿಕೊಟ್ಟಿತು, ಅದೂ ಅವರು ಅಲ್ಲಿ ಬೋಧಿಸಿ ದುಡಿದ ಮೇಲೆ. ಭಾನುವಾರ ಶಾಲೆ, ರೋಗಿಗಳ ಭೇಟಿ, ಯುವಜನ ಕೂಟ ಇವುಗಳಲ್ಲಿ ಒಂದನ್ನಾದರೂ ವರ್ಷವಿಡೀ ನಡೆಸಿ, ನಿಮ್ಮ ಧರ್ಮಕೇಂದ್ರದ ಗುರುಗಳೊಂದಿಗೆ ಅಥವಾ ಸಭಾಪಾಲಕರೊಂದಿಗೆ ಮನಬಿಚ್ಚಿ ಮಾತನಾಡಿ.

ಕಥೋಲಿಕರ ಮುಂದೆ ಎರಡು ಬೇರೆ ಬೇರೆ ಬಾಗಿಲುಗಳಿವೆ, ಮತ್ತು ಇವುಗಳ ವ್ಯತ್ಯಾಸ ತಿಳಿಯದೆ ಗುರುಮಠ (ಗುರುಗಳಾಗುವವರ ತರಬೇತಿ ಕೇಂದ್ರ) ಸೇರುವುದು ಸರಿಯಲ್ಲ. ಒಂದು, ಧರ್ಮಪ್ರಾಂತ, ಅಂದರೆ ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ. ಮೈಸೂರು ಧರ್ಮಪ್ರಾಂತದ ಗುರುವಾದವರ ಕಾರ್ಯಕ್ಷೇತ್ರ ಮೈಸೂರು, ಮಂಡ್ಯ, ಚಾಮರಾಜನಗರ ಮತ್ತು ಕೊಡಗು ಜಿಲ್ಲೆಗಳು. ಬಿಷಪ್ಪರು ಒಪ್ಪಿದರೆ ಮಾತ್ರ ಅವರು ಬೇರೊಂದು ದೇಶದ ಧರ್ಮಪ್ರಾಂತಕ್ಕೆ ಎರವಲಾಗಿ ಹೋಗುತ್ತಾರೆ. ಆಫ್ರಿಕದ ಅಗತ್ಯವನ್ನು ಮನಗಂಡು ಈ ಪದ್ಧತಿಗೆ ಹನ್ನೆರಡನೇ ಪಯಸ್ ಪೋಪರು 1957ರಲ್ಲಿ ಪ್ರೋತ್ಸಾಹ ಕೊಟ್ಟರು. ಆರಂಭದಿಂದಲೂ ಹೊರದೇಶವೇ ನಿಮ್ಮ ಮನಸ್ಸಿನಲ್ಲಿದ್ದರೆ ಎರಡನೆಯ ಬಾಗಿಲಾದ ಮಿಷನರಿ ಸನ್ಯಾಸ ಸಂಸ್ಥೆಗಳನ್ನು ವಿಚಾರಿಸಿ. ಉದಾಹರಣೆಗೆ, 1875ರಲ್ಲಿ ನೆದರ್ಲೆಂಡ್ಸಿನ ಸ್ಟೈಲ್‌ನಲ್ಲಿ ಹುಟ್ಟಿದ ಎಸ್.ವಿ.ಡಿ. (ದೈವವಾಕ್ಯದ ಸಂಘ) ಸಂಸ್ಥೆ ಇಂಥ ಕೆಲಸಕ್ಕಾಗಿಯೇ ಇರುವಂಥದು. ಅಲ್ಲಿ ಕನಿಷ್ಠ 12 ತಿಂಗಳ ನೊವಿಷಿಯೇಟ್ (ವ್ರತ ತೊಡುವ ಮುನ್ನಿನ ಸಿದ್ಧತೆಯ ಕಾಲ), ಬಳಿಕ ತಾತ್ಕಾಲಿಕ ವ್ರತಗಳು, ಗುರುವಾಗುವವರಿಗೆ ತತ್ತ್ವಶಾಸ್ತ್ರ ಮತ್ತು ದೈವಶಾಸ್ತ್ರದ ಓದು ಎಂದು ವರ್ಷಗಳೇ ಹಿಡಿಯುತ್ತವೆ. ವಿಧೇಯತೆಯ ವ್ರತ ತೊಟ್ಟವರನ್ನು ಎಲ್ಲಿಗೆ ಕಳುಹಿಸಬೇಕೆಂದು ಅಂತಿಮವಾಗಿ ನಿರ್ಧರಿಸುವವರು ಮೇಲಧಿಕಾರಿಗಳು. ಒಂದು ನಿರ್ದಿಷ್ಟ ದೇಶದ ಮೇಲೆ ಮಾತ್ರ ಮನಸ್ಸಿಟ್ಟವರು ಈ ಬಾಗಿಲನ್ನು ತಟ್ಟುವ ಮುನ್ನ ಎರಡು ಬಾರಿ ಯೋಚಿಸುವುದು ಒಳ್ಳೆಯದು. ಕನ್ಯಾಸ್ತ್ರೀಯರ ಸಂಸ್ಥೆಗಳಿಗೂ ಇದೇ ಮಾತು ಸಲ್ಲುತ್ತದೆ.

ಪ್ರೊಟೆಸ್ಟೆಂಟರಾದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು ಸಾಮಾನ್ಯವಾಗಿ ದೈವಶಾಸ್ತ್ರ ಪದವಿಗಳನ್ನು ನೀಡುವ ಸೆರಾಂಪುರ ಸೆನೆಟ್‌ನ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಪದವಿಯ ಮೂಲಕ ಸಾಗುತ್ತಾರೆ; ಮಂಗಳೂರಿನ ಬಲ್ಮಠದ ದೈವಶಾಸ್ತ್ರ ಕಾಲೇಜಿನಲ್ಲೂ ಬೆಂಗಳೂರಿನ ಯು.ಟಿ.ಸಿ.ಯಲ್ಲೂ (ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು) ಅದರ ವ್ಯಾಸಂಗವಿದೆ. ಹೊರದೇಶದ ಸೇವೆಗೆ ಕೌನ್ಸಿಲ್ ಫಾರ್ ವರ್ಲ್ಡ್ ಮಿಷನ್‌ನಂಥ ಸಭೆಗಳ ಒಕ್ಕೂಟಗಳು ನೆರವಾಗುವುದುಂಟು. ವಿವಾಹಿತರಾಗಿದ್ದರೆ ಪತ್ನಿಯ ಅಥವಾ ಪತಿಯ ಒಪ್ಪಿಗೆಯನ್ನು ಪ್ರತ್ಯೇಕವಾಗಿ, ಹಿರಿಯರ ಎದುರಲ್ಲದೆ, ಕೇಳಿ ತಿಳಿದುಕೊಳ್ಳಿ.

ಇಂದು ನಮ್ಮ ಭಾಗದವರಿಗೆ ಹೆಚ್ಚು ತೆರೆದಿರುವುದು ಉದ್ಯೋಗದ ದಾರಿ ಎಂದು ನನಗನಿಸುತ್ತದೆ. ನರ್ಸ್, ಶಿಕ್ಷಕ ಅಥವಾ ಎಂಜಿನಿಯರ್ ಆಗಿ ಹೋದವರು ರಜೆಯ ದಿನಗಳಲ್ಲಿ ಅಲ್ಲಿನ ಸಭೆಗೆ ದುಡಿಯುತ್ತಾರೆ. ಪೌಲನೂ ಕೊರಿಂಥದಲ್ಲಿ ಅಕ್ವಿಲ ಮತ್ತು ಪ್ರಿಸ್ಕಿಲ್ಲರ ಜೊತೆ ಗುಡಾರ ಮಾಡುವ ಕಸುಬಿನಿಂದಲೇ ಜೀವನ ಸಾಗಿಸಿದನು. ಕೊಲ್ಲಿ ದೇಶಗಳ ಕನ್ನಡ ಆರಾಧನಾ ಗುಂಪುಗಳಿಗೆ ಹಾಡಿಸುವವರು, ಮಕ್ಕಳಿಗೆ ಕಲಿಸುವವರು, ಕಾಯಿಲೆ ಬಿದ್ದ ಕಾರ್ಮಿಕರನ್ನು ನೋಡಿಕೊಳ್ಳುವವರು ಬೇಕು. ಆದರೆ ಉದ್ಯೋಗವನ್ನು ನೆಪ ಮಾಡಿಕೊಳ್ಳಬಾರದು. ಪಾಳಿಯನ್ನು ಹೇಗೋ ಮುಗಿಸುವ ನರ್ಸ್ ತನ್ನ ನಂಬಿಕೆಗೆ ಕೊಡುವ ಸಾಕ್ಷಿಗೆ ಬೆಲೆಯಿರದು. ಕಾನೂನನ್ನೂ ಮುಂಚಿತವಾಗಿ ಓದಿಕೊಳ್ಳಬೇಕು. ಯು.ಎ.ಇ.ಯಲ್ಲಿ ಸರ್ಕಾರ ಕೊಟ್ಟ ಜಾಗಗಳಲ್ಲಿ ಚರ್ಚ್‌ಗಳಿವೆ, ಸೌದಿ ಅರೇಬಿಯದಲ್ಲಿ ಒಂದೂ ಇಲ್ಲ. ವೀಸಾ ಬೇಡವೆಂಬ ಕಾರಣಕ್ಕೆ ನೇಪಾಳವನ್ನು ಸುಲಭವೆಂದು ಭಾವಿಸುವವರಿದ್ದಾರೆ. ಅಲ್ಲಿನ 2015ರ ಸಂವಿಧಾನ ಮತಾಂತರ ಮಾಡಿಸುವುದನ್ನು ನಿಷೇಧಿಸಿದ್ದು, ದಂಡಸಂಹಿತೆಯ ಪ್ರಕಾರ 5 ವರ್ಷಗಳವರೆಗೆ ಸೆರೆವಾಸವಿದೆ.

ಅಲ್ಪಾವಧಿಯ ಸೇವೆಯೂ ಉಂಟು. ದೇಶದೇಶಗಳ ಬಂದರುಗಳಿಗೆ ಪುಸ್ತಕ ಒಯ್ಯುವ ಕ್ರೈಸ್ತ ಸೇವೆಯ ಲೋಗೋಸ್ ಹೋಪ್ ಹಡಗಿನಲ್ಲಿ ಅಡುಗೆಯವರಿಂದ ಎಂಜಿನಿಯರರವರೆಗೆ ಎಲ್ಲರೂ ಸ್ವಯಂಸೇವಕರೇ. ಮನಸ್ಸನ್ನು ಪರೀಕ್ಷಿಸಿಕೊಳ್ಳಲು ಇದು ಒಳ್ಳೆಯದು, ಅದಕ್ಕಿಂತ ಹೆಚ್ಚಾಗಿ ಇದನ್ನು ಎಣಿಸಬೇಡಿ.

ಯಾವ ದಾರಿಯಾದರೂ ಭಾಷೆಯನ್ನು ಹೊರಡುವ ಮೊದಲೇ ಹಿಡಿಯಿರಿ. ಗೋವೆಯ ಸಂತ ಜೋಸೆಫ್ ವಾಜ್ ಮೊದಲು ನಮ್ಮ ಕೆನರಾ ಕರಾವಳಿಯಲ್ಲಿ ಸೇವೆ ಸಲ್ಲಿಸಿ, 1687ರಲ್ಲಿ ಡಚ್ಚರ ಕಣ್ಣು ತಪ್ಪಿಸಿ ಸಿಲೋನಿಗೆ (ಇಂದಿನ ಶ್ರೀಲಂಕಾ) ಹೋದವರು. ಗೂಢಚಾರನೆಂಬ ಶಂಕೆಯಿಂದ ಕ್ಯಾಂಡಿಯಲ್ಲಿ ಸೆರೆಯಾದರೂ ತಮಿಳು ಮತ್ತು ಸಿಂಹಳಗಳನ್ನು ಕಲಿತು, 1711ರಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ಉಳಿದರು.

ಇನ್ನು ಕಾಗದಪತ್ರ. ದೀಕ್ಷಾಸ್ನಾನದ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಮೂರರಲ್ಲೂ ಹೆಸರಿನ ಕಾಗುಣಿತ ಒಂದೇ ಆಗಿದೆಯೇ ಎಂದು ಮೊದಲು ನೋಡಿ, ಆಮೇಲೆ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿ. ಅಮೆರಿಕದ ಆರ್–1 ಧಾರ್ಮಿಕ ವೀಸಾ ಕೇಳುವವರು ಅದೇ ಪಂಗಡದಲ್ಲಿ ಕನಿಷ್ಠ 2 ವರ್ಷ ಸದಸ್ಯರಾಗಿರಬೇಕಾದ್ದರಿಂದ, ನಿಮ್ಮೂರಿನ ಸಭೆಯ ದಾಖಲೆ ಅಲ್ಲಿಯೂ ಬೇಕಾಗುತ್ತದೆ. ಪ್ರವಾಸಿ ವೀಸಾದಲ್ಲಿ ಕಳುಹಿಸಿ ಆಮೇಲೆ ಸರಿಪಡಿಸುತ್ತೇವೆ ಎನ್ನುವವರು ಎಷ್ಟೇ ಭಕ್ತಿಯಿಂದ ಮಾತನಾಡಿದರೂ ಅವರಿಗೆ ಹಣ ಕೊಡಬೇಡಿ. ಕಳುಹಿಸುವ ಸಂಸ್ಥೆ ಒಪ್ಪಿದ ಮೇಲೆ ಮಾಸಿಕ ಭತ್ಯೆ, ಆರೋಗ್ಯ ವಿಮೆ, ತಂದೆತಾಯಿ ಕಾಯಿಲೆ ಬಿದ್ದಾಗ ಊರಿಗೆ ಬರುವ ಖರ್ಚು, ಸೇವೆಯನ್ನು ನಡುವೆ ಬಿಡಬೇಕಾದರೆ ಮರಳುವ ಟಿಕೆಟ್ ಇವನ್ನೆಲ್ಲ ಯಾರು ಭರಿಸುತ್ತಾರೆಂದು ಲಿಖಿತವಾಗಿ ಪಡೆದುಕೊಂಡು, ಅದರ ಒಂದು ಪ್ರತಿಯನ್ನು ಮನೆಯವರ ಬಳಿ ಇಟ್ಟು ಹೊರಡಿ.