ಬೀರು ಬೀಗ ತೆಗೆದ ಮೇಲೆ ನಮ್ಮ ನಲಿ-ಕಲಿ ಮಕ್ಕಳು ಓದಿದ್ದು

ನಾನು ತುಮಕೂರು ಕಡೆ ಒಂದು ಹಳ್ಳೀಲಿ ಸರ್ಕಾರಿ ಶಾಲೆ ಟೀಚರ್. ನಲಿ-ಕಲಿ ತಗೋತೀನಿ, ಅಂದ್ರೆ ಒಂದು ಎರಡು ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ಕೋಣೇಲಿ, ಒಟ್ಟು 22 ಜನ. ನಲಿ-ಕಲೀಲಿ ಅ ಆ ಇ ಈ ಅಂತ ಶುರು ಆಗಲ್ಲ, ರ ಗ ಸ ದ ಅ ಅಂತ ಶುರು. ಯಾಕಂದ್ರೆ ಈ ಐದೇ ಅಕ್ಷರಕ್ಕೆ ಸರ, ಅರಸ, ಗರಗಸ, ದಸರ ಅಂತ ಪದ ಆಗೋಗುತ್ತೆ, ಕಾಗುಣಿತ ಬರದೇ ಇದ್ರೂ ಮಗು ಪದ ಓದಬಹುದು. ಈ ಕ್ರಮ ನನಗೆ ತುಂಬಾ ಇಷ್ಟ. ಆದ್ರೆ ನಮ್ಮ ಮಕ್ಕಳು ನಲಿ-ಕಲಿ ಪಾಠದ ಕಾರ್ಡಿನಲ್ಲಿ ಸಲೀಸಾಗಿ ಓದಿದ ಪದಾನೇ ಬೇರೆ ಕಡೆ ಸಿಕ್ರೆ ಸ, ರ ಅಂತ ಬಿಡಿಬಿಡಿ ಹೇಳಿ ಸುಮ್ನೆ ನನ್ನ ಮುಖ ನೋಡೋರು. ಓದೋದು ಅಂದ್ರೆ ಕಾರ್ಡು ಮುಗಿಸಿ ಕಲಿಕಾ ಏಣೀಲಿ, ಅಂದ್ರೆ ಯಾವ ಕಾರ್ಡಾದ್ಮೇಲೆ ಯಾವುದು ಅಂತ ತೋರಿಸೋ ಪಟ್ಟೀಲಿ, ಮುಂದಕ್ಕೆ ಹೋಗೋದು ಅಂತ ಆಗಿಬಿಟ್ಟಿತ್ತು.

ಕಥೆಪುಸ್ತಕ ಇರಲಿಲ್ವಾ ಅಂದ್ರೆ ಇತ್ತು, ಬೀರುನಲ್ಲಿ, ಬೀಗ ಹಾಕಿ. ಸ್ಟಾಕ್ ರಿಜಿಸ್ಟರಿನಲ್ಲಿ ನಂಬರ್ ಬಿದ್ದಿರೋ ಪುಸ್ತಕ ಹರಿದ್ರೆ ಯಾರು ಉತ್ತರ ಕೊಡೋದು ಅನ್ನೋ ಭಯ ನನಗೂ ಇತ್ತು. ಒಂದು ಜೂನ್‌ನಲ್ಲಿ ಧೈರ್ಯ ಮಾಡಿ ಎಲ್ಲಾ ಹೊರಗೆ ತೆಗೆದೆ, ಕಿಟಕಿಯಿಂದ ಬಾಗಿಲ ತನಕ ಮಕ್ಕಳ ಎದೆ ಎತ್ತರಕ್ಕೆ ಹಗ್ಗ ಕಟ್ಟಿ, ಬಟ್ಟೆ ಒಣಗಹಾಕಿದ ಹಾಗೆ ಪುಸ್ತಕ ನೇತುಹಾಕಿದೆ, ಮುಖಪುಟ ಕಾಣೋ ಹಾಗೆ. ಆ ವರ್ಷ ಏಳು ಪುಸ್ತಕ ಹರೀತು, ಟೇಪ್ ಅಂಟಿಸಿದ್ವಿ, ಅಷ್ಟೇ.

ಬಿಸಿಯೂಟ ಆದ್ಮೇಲೆ ದಿನಾ 15 ನಿಮಿಷ ನಾನೇ ಗಟ್ಟಿಯಾಗಿ ಓದ್ತಿದ್ದೆ, ಸಾಲಿನ ಕೆಳಗೆ ಬೆರಳು ಆಡಿಸ್ತಾ. ದಿನಾ ಹೊಸ ಕಥೆ ಬೇಕೇನೋ ಅಂತ ನಾನಂದುಕೊಂಡಿದ್ದೆ, ಅವರು "ಮಿಸ್, ನೆನ್ನೇದೇ" ಅನ್ನೋರು. ಒಂದೇ ಪುಸ್ತಕ ಎಂಟು ಹತ್ತು ಸಲ. ನಾಲ್ಕನೇ ಸಲಕ್ಕೆ ನಾನು ಸಾಲಿನ ಕೊನೇ ಪದ ಬಿಟ್ರೆ ಕೋಣೆಗೆ ಕೋಣೇನೇ ಕೂಗಿ ಹೇಳೋದು. ಆಮೇಲೆ ಇನ್ನೊಂದು ಮಾಡಿದೆ, ಕಥೆ ಮುಗಿದ ತಕ್ಷಣ "ಇದರ ನೀತಿ ಏನು?" ಅಂತ ಕೇಳೋದು ಬಿಟ್ಟೆ. ಅದೊಂದು ಪ್ರಶ್ನೆ ಬರುತ್ತೆ ಅಂತಲೇ ಹಿಂದಿನ ಸಾಲಿನ ಮಕ್ಕಳು ಕಥೆ ಅರ್ಧಕ್ಕೇ ತಲೆ ಬಗ್ಗಿಸಿ ಕೂರ್ತಿದ್ರು ಅಂತ ಆಮೇಲೆ ಗೊತ್ತಾಯ್ತು.

ಕೇಳಿ ಕೇಳಿ ಬಾಯಿಗೆ ಬಂದಿದ್ದು ಬರೀ ಬಾಯಿಪಾಠ ಅಂತ ಕೆಲವರು ಹೇಳ್ತಾರೆ, ನಾನು ಒಪ್ಪಲ್ಲ. ನಮ್ಮ ಅರ್ಕಾವೊತ್ತು ನೋಡಿ, ಸೂರ್ಯ ಅನ್ನೋದ್ರಲ್ಲಿ ರ್ ಮೊದಲು ಕೇಳುತ್ತೆ, ಬರೆಯೋವಾಗ ಆ ಗುರುತು ಯ ಆದ್ಮೇಲೆ ಬರುತ್ತೆ, ಹಾಗಾಗಿ ಮಕ್ಕಳು "ಸೂಯ್ರ" ಅಂತಾನೇ ಓದ್ತಾರೆ. ಎಷ್ಟು ಸಲ ಬೋರ್ಡಿನ ಮೇಲೆ ತಿದ್ದಿದ್ರೂ ಹೋಗದೇ ಇದ್ದ ಈ ತಪ್ಪನ್ನ, ಕಥೆ ಹತ್ತು ಸಲ ಕೇಳಿದ್ದ ಒಬ್ಬ ಹುಡುಗಿ ತಾನೇ "ಸೂಯ್... ಅಲ್ಲ, ಸೂರ್ಯ" ಅಂತ ಸರಿ ಮಾಡ್ಕೊಂಡ್ಲು. ಪದ ಕಿವೀಲಿ ಮೊದಲೇ ಇತ್ತು, ಕಣ್ಣು ಹೋಗಿ ಅದನ್ನ ಹಿಡ್ಕೊಂಡಿತು.

ಆದ್ರೆ ಎರಡನೇ ಕ್ಲಾಸಿನ ಒಬ್ಬ ಹುಡುಗ ಯಾವ ಪುಸ್ತಕಾನೂ ಮುಟ್ತಿರಲಿಲ್ಲ. ಒಂದಿನ ಬಂದವನೇ "ನಮ್ ಮೇಕೆ ಎರಡ್ ಮರಿ ಆಕೈತೆ ಮಿಸ್" ಅಂದ. ಅವನು ಹೇಳಿದ ಹಾಗೇ ಹಾಳೆ ಮೇಲೆ ಬರೆದೆ, "ಹಾಕಿದೆ" ಅಂತ ತಿದ್ದಲಿಲ್ಲ, ಯಾಕಂದ್ರೆ ಅವನು ಆಡಿದ ಮಾತೇ ಅವನಿಗೆ ಕಾಣಬೇಕಿತ್ತು. ಮಾರನೇ ದಿನ ಬೆರಳಿಟ್ಟು ಓದಿದ, ಇನ್ನೊಂದು ಸಾಲು ಹೇಳಿದ, ಹೀಗೇ ಎಂಟು ಪುಟ ಆಯ್ತು, ಚಿತ್ರ ಅವನದೇ, ಹೊಲಿಗೆ ನಂದು. ಹ ಬಿಟ್ಟು ಮಾತಾಡೋ ನಮ್ಮೂರಿನಲ್ಲಿ ತಿದ್ದೋದಕ್ಕೂ ದಾರಿ ಅಲ್ಲೇ ಸಿಕ್ತು. "ಅಕ್ಕಿ ಮರದ ಮೇಲೆ ಕುಂತೈತೆ" ಅಂತ ಬರೆಸಿದ ಸಾಲಿಗೆ ಇನ್ನೊಬ್ಬಳು ಮರದ ಮೇಲೆ ಅಕ್ಕಿ ಮೂಟೆ ಬರೆದ್ಲು, ಎಲ್ರೂ ನಕ್ಕು ನಕ್ಕು, ಅವತ್ತಿಂದ ಅಕ್ಕಿ ಹಕ್ಕಿ ಬೇರೆ ಬೇರೆ ಅಂತ ಯಾರಿಗೂ ಹೇಳಬೇಕಾಗಿಲ್ಲ.

ಪುಸ್ತಕ ಸಾಲದೇ ಬಂದಾಗ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ವೆಬ್‌ಸೈಟಿನಿಂದ ಮೊದಲನೇ ಹಂತದ ಕನ್ನಡ ಕಥೆ ಇಳಿಸಿ ಪ್ರಿಂಟ್ ತೆಗೆಸ್ತೀನಿ, ಅದು ಫ್ರೀ, ಪ್ರತಿ ಮಾಡ್ಕೊಳ್ಳೋಕೂ ಅಡ್ಡಿ ಇಲ್ಲ. ಕಪ್ಪು ಬಿಳುಪಿನ ಜೆರಾಕ್ಸಿಗೆ ಮಕ್ಕಳೇ ಬಣ್ಣ ಹಾಕ್ತಾರೆ. ದೊಡ್ಡ ಮಕ್ಕಳನ್ನ ಗ್ರಾಮ ಪಂಚಾಯ್ತಿ ಲೈಬ್ರರಿಗೆ ಕರ್ಕೊಂಡು ಹೋಗ್ತೀನಿ, 2020ರಲ್ಲಿ ಸರ್ಕಾರದ "ಓದುವ ಬೆಳಕು" ಕಾರ್ಯಕ್ರಮ ಬಂದ ಮೇಲೆ ಅಲ್ಲಿ ಮಕ್ಕಳಿಗೆ ಮೆಂಬರ್‌ಶಿಪ್ ಫ್ರೀ.

ಶನಿವಾರ ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ ಮನೆಗೆ. ಓದೋಕೆ ಬರದ ಒಬ್ಬ ಅಜ್ಜಿ ಸಿಕ್ಕಾಗ "ನಾನೇನ್ ಹೇಳ್ಕೊಡ್ಲಿ ಟೀಚರಮ್ಮ" ಅಂದ್ರು, ಏನೂ ಬೇಡಮ್ಮ, ಚಿತ್ರ ತೋರಿಸಿ ಆಮೇಲೇನಾಯ್ತು ಅಂತ ಕೇಳಿ ಸಾಕು ಅಂದೆ. ಈಗ ಪುಸ್ತಕ ತರದೇ ಹೋದ್ರೆ ಅವರೇ ಮೊಮ್ಮಗಳನ್ನ ಬೈತಾರಂತೆ.

ಮೇಕೆ ಪುಸ್ತಕಾನೂ ಈಗ ಹಗ್ಗದ ಮೇಲಿದೆ, ಶನಿವಾರ ಮೊದಲು ಖಾಲಿ ಆಗೋದು ಅದೇ. ಮೇಕೆ ಮತ್ತೆ ಗಬ್ಬ ಆಗಿದೆಯಂತೆ, ಹಾಳೆ ಎತ್ತಿಡಿ ಮಿಸ್ ಅಂತ ಹೇಳಿ ಹೋಗಿದಾನೆ.